ಮದುವೆಗೆ ಹೂವು: ಹೊರದೇಶಕ್ಕೆ ಹೊಸದಾಗಿ ಬಂದವರಿಗೆ

ಸಭಾಂಗಣ, ಊಟ, ಛಾಯಾಗ್ರಾಹಕ ಎಲ್ಲ ಗೊತ್ತಾದ ಮೇಲೆ ಕೊನೆಗೆ ಹೂವಿನ ಮಾತು ಬರುತ್ತದೆ. ಆಗ ಮನೆಮಂದಿಯೆಲ್ಲ ಮೊಬೈಲ್ ತೆಗೆದು ಒಬ್ಬರಿಗೊಬ್ಬರು ಚಿತ್ರ ತೋರಿಸತೊಡಗುತ್ತಾರೆ. ಚಿತ್ರಗಳನ್ನು ಆಮೇಲೆ ನೋಡಿದರಾಯಿತು. ಮೊದಲು ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆದುಕೊಳ್ಳಿ: ನೀರಿನಲ್ಲಿ ನಿಲ್ಲುವ ಹೂವುಗಳು ಯಾವುವು, ನೀರಿಲ್ಲದೆ ಮೈಮೇಲೋ ಕೈಯಲ್ಲೋ ಇರುವವು ಯಾವುವು.

ಮೇಜಿನ ಮೇಲಿನ ಹೂದಾನಿ, ವೇದಿಕೆಯ ಅಲಂಕಾರ, ಬಾಗಿಲ ಬಳಿಯ ದೊಡ್ಡ ಗುಚ್ಛ ಮೊದಲ ಪಟ್ಟಿಗೆ. ಕೈಯ ಹೂಗುಚ್ಛ, ಕೋಟಿಗೆ ಸಿಕ್ಕಿಸುವ ಹೂವು, ಮಣಿಕಟ್ಟಿಗೆ ಕಟ್ಟುವುದು, ಕೊರಳ ಹಾರ, ಮುಡಿಯುವ ಹೂವು, ಹೂವಿನ ಕಿರೀಟ ಎರಡನೆಯದಕ್ಕೆ. ಮೊದಲ ಪಟ್ಟಿಗೆ ಮನಸ್ಸಿಗೆ ಬಂದದ್ದನ್ನು ಆರಿಸಬಹುದು. ಎರಡನೆಯದರಲ್ಲಿ ಹೂವಿನ ಗಟ್ಟಿತನವೇ ಯಜಮಾನ. ಮೈಯ ಬಿಸಿ, ಕಾರಿನೊಳಗಿನ ಸೆಕೆ, ನೂರು ಜನರ ಅಪ್ಪುಗೆ ಎಲ್ಲವನ್ನೂ ತಾಳಿಕೊಂಡು ಬೆಳಿಗ್ಗೆ ಕಟ್ಟಿದ್ದು ಸಂಜೆಯವರೆಗೆ ಮುಖ ಉಳಿಸಿಕೊಳ್ಳಬೇಕು.

ಹೈಡ್ರೇಂಜಿಯವನ್ನೇ ನೋಡಿ. ಚಿತ್ರದಲ್ಲಿ ಅದರಷ್ಟು ತುಂಬಿಕೊಂಡು ಕಾಣುವ ಹೂವು ಕಡಿಮೆ, ಆದರೆ ದಂಟು ನೀರಿನಿಂದ ಹೊರಬಂದರೆ ಬೇಗನೆ ಸೊರಗಿ ಜೋತುಬೀಳುತ್ತದೆ. ಹೂದಾನಿಯಲ್ಲಿದ್ದದ್ದು ಬಾಡಿದರೆ ಹೂವಿನ ತಲೆಯನ್ನೇ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ, ಏಕೆಂದರೆ ಅದು ಎಸಳಿನಿಂದಲೂ ನೀರು ಹೀರುತ್ತದೆ. ಕೋಟಿನ ಮೇಲಿರುವುದನ್ನು ಎಲ್ಲಿ ಮುಳುಗಿಸುತ್ತೀರಿ? ಗಾರ್ಡೇನಿಯಾದ ಪರಿಮಳ ಅಮಲೇರಿಸುವಂಥದ್ದು, ಆದರೆ ಬೆರಳು ತಗುಲಿದಲ್ಲೆಲ್ಲ ಬಿಳಿ ಎಸಳು ಕಂದಾಗುತ್ತದೆ. ಟ್ಯುಲಿಪ್ ಕತ್ತರಿಸಿದ ಮೇಲೂ ಬೆಳೆಯುತ್ತದೆ, ಬೆಳಕು ಬಂದ ಕಡೆಗೆ ಬಾಗುತ್ತದೆ. ಬೆಳಿಗ್ಗೆ ನೀವು ಕಟ್ಟಿದ ಆಕಾರ ಸಂಜೆಗೆ ಉಳಿಯುತ್ತದೆಂದು ನಂಬುವಂತಿಲ್ಲ. ಡೇಲಿಯಾ ಕಣ್ಣಿಗೆ ಹಬ್ಬವೇ, ಆಯುಸ್ಸು ಮಾತ್ರ ಕಡಿಮೆ.

ಒಣಗಾಳಿಗೆ ಬಗ್ಗದವರು ಬೇರೆ ಇದ್ದಾರೆ. ಕಾರ್ನೇಷನ್, ಸೇವಂತಿಗೆ, ಡೆಂಡ್ರೋಬಿಯಂ ಆರ್ಕಿಡ್, ಒಂದೇ ದಂಟಿನಲ್ಲಿ ಹಲವು ಹೂ ಬಿಡುವ ಸಣ್ಣ ಗುಲಾಬಿ, ಸ್ಟಾಟಿಸ್, ಒಣಗಿದರೂ ರೂಪ ಕೆಡದ ಜಿಪ್ಸೊಫಿಲಾ, ಜೊತೆಗೆ ನೀಲಗಿರಿ ಮತ್ತು ರಸ್ಕಸ್ ಎಲೆ. ಕಾರ್ನೇಷನ್ ಎಂದರೆ ಮೂಗು ಮುರಿಯುವವರನ್ನು ಬಹಳ ನೋಡಿದ್ದೇನೆ. ಒತ್ತೊತ್ತಾಗಿ ಪೋಣಿಸಿದ ಒಂದೇ ಬಣ್ಣದ ಕಾರ್ನೇಷನ್ ಹಾರದ ಮುಂದೆ ಅದೇ ಜನ ನಿಂತು ಇದು ಯಾವ ಹೂವು ಎಂದು ಕೇಳಿದ್ದನ್ನೂ ನೋಡಿದ್ದೇನೆ.

ಮಲ್ಲಿಗೆ ಬೇಕೇ ಬೇಕು ಎನ್ನುವವರಿಗೆ ಒಂದು ಮಾತು. ಅದು ಬೇಗ ಕಂದುವ ಹೂವು, ದೂರದ ಪ್ರಯಾಣಕ್ಕೆ ಒಗ್ಗದು. ಆದ್ದರಿಂದ ಸಾಮಾನ್ಯ ಹೂವಿನಂಗಡಿಯಲ್ಲಿ ಹೋದ ದಿನವೇ ಸಿಗುತ್ತದೆಂದು ಎಣಿಸಬೇಡಿ. ಸಿಕ್ಕರೆ ಮೊಗ್ಗಾಗಿಯೇ ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಬದಲಿಗೆ ಸ್ಟೆಫನೋಟಿಸ್ ಕೇಳಿ ನೋಡಿ: ಮಲ್ಲಿಗೆಯ ಕುಲದ್ದಲ್ಲ, ಆದರೂ ಬಿಳಿ, ಸುವಾಸನೆ ಇದೆ, ಮೇಣದಂಥ ದಪ್ಪ ಎಸಳು ಮುಡಿಯಲ್ಲಿ ಚೆನ್ನಾಗಿ ತಡೆಯುತ್ತದೆ. ವಿಮಾನದಲ್ಲಿ ಬರುವ ನೆಂಟರ ಸಾಮಾನಿನಲ್ಲಿ ತಾಜಾ ಹೂವು ತರಿಸುವ ಯೋಚನೆ ಬೇಡ. ಕೀಟ, ರೋಗ ಒಳಬರದಂತೆ ಬಹಳ ದೇಶಗಳು ಸಸ್ಯಪದಾರ್ಥವನ್ನು ಗಡಿಯಲ್ಲಿ ತಪಾಸಣೆ ಮಾಡುತ್ತವೆ. ಘೋಷಿಸದೆ ತಂದರೆ ಹೂವೂ ಹೋಗುತ್ತದೆ, ದಂಡವೂ ಬೀಳಬಹುದು.

ಕೋಟಿನ ಹೂವನ್ನು ಮನೆಯಲ್ಲೇ ಮಾಡಬಹುದು, ಕಷ್ಟವೇನಿಲ್ಲ. ಸಣ್ಣ ಗುಲಾಬಿಯ ದಂಟನ್ನು ಹೆಬ್ಬೆರಳಿನಷ್ಟು ಉಳಿಸಿ ಕತ್ತರಿಸಿ. ಎಸಳಿನ ಕೆಳಗಿನ ಹಸಿರು ಬುಡಕ್ಕೆ ತೆಳುತಂತಿಯನ್ನು ಅಡ್ಡಲಾಗಿ ತೂರಿಸಿ ಎರಡೂ ತುದಿಗಳನ್ನು ದಂಟಿನ ಗುಂಟ ಕೆಳಕ್ಕೆ ಮಡಚಿ. ಹಿಂದೆ ಒಂದು ಎಲೆ, ಪಕ್ಕದಲ್ಲಿ ಒಂದು ಕಡ್ಡಿ ಜಿಪ್ಸೊಫಿಲಾ ಇಟ್ಟು ಹೂಗಾರರ ಹಸಿರು ಟೇಪು ಸುತ್ತಬೇಕು. ಆ ಟೇಪು ಕೈಗೆ ಬಂದಾಗ ಅಂಟುವುದೇ ಇಲ್ಲ, ಎಳೆದಾಗ ಮಾತ್ರ ಅದರ ಅಂಟು ಹೊರಬರುತ್ತದೆ. ಆದ್ದರಿಂದ ಒಂದು ಕೈಯಲ್ಲಿ ದಂಟನ್ನು ತಿರುಗಿಸುತ್ತ ಇನ್ನೊಂದರಲ್ಲಿ ಟೇಪನ್ನು ಬಿಗಿಯಾಗಿ ಜಗ್ಗುತ್ತ ಹೋಗಿ. ಪಿನ್ನನ್ನು ಕೋಟಿನ ಕಾಲರಿನಿಂದ ಎದೆಗಿಳಿಯುವ ಎಡ ಮಡಿಕೆಯ ಹಿಂಭಾಗದಿಂದ ಚುಚ್ಚಿ, ದಂಟಿನ ಮೂಲಕ ಹಾಯಿಸಿ, ಮತ್ತೆ ಬಟ್ಟೆಯ ಹಿಂದಕ್ಕೆ ತನ್ನಿ. ಆಗ ಮುಂದೆ ಪಿನ್ನು ಕಾಣುವುದಿಲ್ಲ, ಹೂವು ತಲೆಕೆಳಗಾಗುವುದಿಲ್ಲ. ಒಂದೆರಡು ಹೆಚ್ಚಿಗೆ ಮಾಡಿಡಿ, ಅಪ್ಪುಗೆಯಲ್ಲಿ ಮೊದಲು ನಜ್ಜುಗುಜ್ಜಾಗುವುದು ಅದೇ.

ಹಾರಕ್ಕೆ ಉದ್ದ ಸೂಜಿ, ಗಟ್ಟಿ ದಾರ ಬೇಕು. ತಾಜಾ ಹೂವಿನ ದಪ್ಪ ಹಾರ ನೀರಿನಂಶದಿಂದಾಗಿ ನಿಮ್ಮ ಎಣಿಕೆಗಿಂತ ಭಾರವಾಗಿರುತ್ತದೆ. ಕತ್ತಿನ ಹಿಂಭಾಗಕ್ಕೆ ಬರುವಷ್ಟು ಉದ್ದಕ್ಕೆ ಹೂವು ಬಿಟ್ಟು ರಿಬ್ಬನ್ ಹಾಕಿಸಿದರೆ ಕತ್ತೂ ಉಳಿಯುತ್ತದೆ, ಬಟ್ಟೆಯೂ ಉಳಿಯುತ್ತದೆ. ಬಟ್ಟೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಲಿಲ್ಲಿ ತರಿಸಿದರೆ ಅರಳುತ್ತಿದ್ದಂತೆ ನಡುವಿನ ಪರಾಗದ ಚೀಲಗಳನ್ನು ಕಿತ್ತುಬಿಡಿ. ಪರಾಗ ರೇಷ್ಮೆಯ ಮೇಲೆ ಬಿದ್ದರೆ ಉಜ್ಜಬೇಡಿ, ನೀರನ್ನೂ ಹಾಕಬೇಡಿ, ಅಂಟುಪಟ್ಟಿ ಒತ್ತಿ ಎತ್ತಿ ತೆಗೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ಲಿಲ್ಲಿಯೇ ಬೇಡ, ಅದರ ಪರಾಗವೂ ಬೆಕ್ಕಿಗೆ ಪ್ರಾಣಾಂತಕ ವಿಷ.

ಗುಲಾಬಿ ಕೆನ್ಯಾ, ಈಕ್ವೆಡಾರ್, ಕೊಲಂಬಿಯಾಗಳ ಎತ್ತರದ ತೋಟಗಳಿಂದ ವರ್ಷಪೂರ್ತಿ ಬರುತ್ತದೆ. ಎಲ್ಲ ಹೂವುಗಳಿಗೂ ಆ ಭಾಗ್ಯವಿಲ್ಲ. ಪಿಯೋನಿ ವಸಂತದ ಕೊನೆ ಮತ್ತು ಬೇಸಿಗೆಯ ಆರಂಭದ ಹೂವು, ಡೇಲಿಯಾ ಬೇಸಿಗೆಯ ಕೊನೆಯಿಂದ ಹಿಮ ಬೀಳುವವರೆಗಿನದು. ಭೂಮಧ್ಯರೇಖೆಯ ದಕ್ಷಿಣಕ್ಕೆ ಬಂದು ನೆಲೆಸಿದವರು ಈ ತಿಂಗಳುಗಳನ್ನು ತಿರುಗಿಸಿಕೊಳ್ಳಬೇಕು. ಉತ್ತರದ ಪಿಯೋನಿ ಮೇ, ಜೂನ್‌ನದಾದರೆ ದಕ್ಷಿಣದ್ದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಪ್ರೇಮಿಗಳ ದಿನವಾದ ಫೆಬ್ರವರಿ 14ರ ಆಸುಪಾಸಿನಲ್ಲಿ ಮದುವೆಯಿದ್ದರೆ ಕೆಂಪು ಗುಲಾಬಿಯ ಆಸೆ ಬಿಟ್ಟು ಬೇರೆ ಬಣ್ಣ ನೋಡುವುದೇ ಜಾಣತನ.

ಅಂಗಡಿಗೆ ಹೋದಾಗ ಎಷ್ಟು ಖರ್ಚು ಮಾಡಬಲ್ಲಿರಿ ಎಂಬುದನ್ನು ಮೊದಲೇ ಹೇಳಿಬಿಡಿ. ಗುಟ್ಟಾಗಿಟ್ಟುಕೊಂಡು ಚೌಕಾಸಿ ಮಾಡುವ ನಮ್ಮವರ ಚಾಳಿ ಇಲ್ಲಿ ನಡೆಯುವುದಿಲ್ಲ. ಹೂಗಾರರು ಆ ಮೊತ್ತಕ್ಕೆ ತಕ್ಕಂತೆ ಹೂವನ್ನು ಜೋಡಿಸಿ ಕೊಡುತ್ತಾರೆ, ಹೇಳದಿದ್ದರೆ ತಮ್ಮ ಅಂದಾಜಿಗೆ ಹೋಗುತ್ತಾರೆ. ಉಡುಪಿನ ಬಟ್ಟೆಯ ತುಂಡೊಂದನ್ನು ಒಯ್ಯಿರಿ, ಮೊಬೈಲಿನ ಪರದೆಯಲ್ಲಿ ಬಣ್ಣ ನಂಬುವಂತಿಲ್ಲ. ಒಳಾಂಗಣವೋ ಬಯಲೋ, ಎಷ್ಟು ಗಂಟೆಯ ಸಮಾರಂಭ, ಯಾವುದು ಎಷ್ಟು ಬೇಕು ಎಂದು ತಿಳಿಸಿ. ಕೇಳಿದ ಹೂವು ಆ ವಾರ ಸಿಗದಿದ್ದರೆ ಬದಲಿಗೆ ಏನು ಕೊಡುತ್ತಾರೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿ. ಹೂವನ್ನು ಯಾರು ತಂದಿಳಿಸುತ್ತಾರೆ, ಯಾರು ಜೋಡಿಸುತ್ತಾರೆ, ರಾತ್ರಿ ಯಾರು ತೆಗೆಯುತ್ತಾರೆ ಎಂಬುದೂ ಅದರಲ್ಲಿರಲಿ. ಸಭಾಂಗಣದ ನಿಯಮಗಳನ್ನು ಓದಿ: ಮೊಳೆ, ಮೇಣದಬತ್ತಿ, ನೆಲಕ್ಕೆ ಎರಚುವ ಎಸಳು ಕೆಲವು ಕಡೆ ನಿಷಿದ್ಧ. ಎಸಳಿನ ನಿಷೇಧಕ್ಕೆ ಕಾರಣವಿದೆ, ಕಾಲಿಗೆ ಸಿಕ್ಕು ಹಿಸುಕಿದ ತಾಜಾ ಎಸಳಿನ ಮೇಲೆ ಅಜ್ಜಿಯಂದಿರು ಜಾರುತ್ತಾರೆ.

ಸಗಟಾಗಿ ತರಿಸಿ ನೀವೇ ಜೋಡಿಸುವುದಾದರೆ ಗುಲಾಬಿ ಎರಡು ಮೂರು ದಿನ ಮೊದಲೇ ಮನೆಯಲ್ಲಿರಬೇಕು. ಬಿಗಿದ ಮೊಗ್ಗಾಗಿ, ಹೊರಗಿನ ಎಸಳುಗಳು ಹಸಿರುಮಿಶ್ರಿತ ಕಂದು ಬಣ್ಣದಲ್ಲಿ ಮುದುಡಿಕೊಂಡು ಬರುತ್ತವೆ. ಕೆಟ್ಟ ಹೂವು ಕಳಿಸಿದರು ಎಂದು ಸಿಡಿಮಿಡಿಗೊಳ್ಳಬೇಡಿ, ಅವು ದಾರಿಯಲ್ಲಿ ಒಳಗಿನದನ್ನು ಕಾಯಲೆಂದೇ ಬಿಟ್ಟ ಎಸಳುಗಳು. ಜೋಡಿಸುವ ಹೊತ್ತಿಗೆ ಕಿತ್ತರಾಯಿತು. ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆದು, ತಂಪಾದ ಕತ್ತಲು ಕೋಣೆಯಲ್ಲಿಡಿ. ಫ್ರಿಜ್ಜಿನಲ್ಲಿಡುವುದಾದರೆ ಬಾಳೆಹಣ್ಣು, ಸೇಬುಗಳನ್ನು ಹೊರಗೆ ತೆಗೆಯಿರಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್, ಆರ್ಕಿಡ್‌ಗಳು ಬೇಗ ಬಾಡುತ್ತವೆ. ಗುಲಾಬಿಗೆ 2ರಿಂದ 4 ಡಿಗ್ರಿ ಸೆಲ್ಸಿಯಸ್ ಹಿತವಾದರೂ ಉಷ್ಣವಲಯದ ಆರ್ಕಿಡ್, ಆಂಥೂರಿಯಂಗಳು ಆ ಚಳಿಗೆ ಕಪ್ಪಾಗುತ್ತವೆ, ಅವನ್ನು ಹೊರಗೇ ತಂಪಾದ ಕಡೆ ಇಡಿ.

ಕೇಕಿನ ಮೇಲೆ ಹೂವಿಡುವ ಆಸೆಯಿದ್ದರೆ ಯಾವುದೆಂದು ವಿಚಾರಿಸಿ ಇಡಿ. ಕಣಗಿಲೆ, ಲಿಲ್ಲಿ ಆಫ್ ದ ವ್ಯಾಲಿ, ಡ್ಯಾಫೋಡಿಲ್, ಹೈಡ್ರೇಂಜಿಯ ವಿಷದ ಗಿಡಗಳು. ವಿಷವಿಲ್ಲದ ಹೂವಿಗೂ ಔಷಧಿ ಸಿಂಪಡಿಸಿರುತ್ತಾರೆ, ತಿನ್ನಲೆಂದೇ ಬೆಳೆದದ್ದನ್ನು ಕೇಳಿ ತನ್ನಿ.

ಸಮಾರಂಭ ಮುಗಿದ ಮೇಲೆ ಮೇಜಿನ ಹೂವನ್ನು ಅತಿಥಿಗಳಿಗೆ ಕೊಟ್ಟು ಕಳಿಸುವ ಮೊದಲು ಹೂದಾನಿಗಳು ಬಾಡಿಗೆಯವೋ ನಿಮ್ಮವೋ ಎಂದು ಒಪ್ಪಂದದಲ್ಲಿ ನೋಡಿ. ಬಾಡಿಗೆಯವಾದರೆ ಎಣಿಸಿ ಹಿಂದಿರುಗಿಸಬೇಕು, ಒಡೆದದ್ದಕ್ಕೂ ಕಾಣೆಯಾದದ್ದಕ್ಕೂ ಮುಂಗಡದಲ್ಲಿ ಹಿಡಿದುಕೊಳ್ಳುತ್ತಾರೆ. ಕಾಗದ ಮತ್ತು ರಬ್ಬರ್ ಬ್ಯಾಂಡನ್ನು ಮೊದಲೇ ತಂದಿಟ್ಟಿದ್ದರೆ ಹೂವನ್ನಷ್ಟೇ ಸುತ್ತಿ ಕೊಡಬಹುದು.