ಡಿಕ್ಕಿಯೇ ಇಲ್ಲದ ಶಾಕ್: ನಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ

ಚಿಕ್ಕಬಳ್ಳಾಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ ನಮಗೆ ಹತ್ತಿರ. ಸೂರ್ಯನಿಂದ ಸಿಡಿದ ಪ್ಲಾಸ್ಮಾ (ಎಲೆಕ್ಟ್ರಾನ್ ಮತ್ತು ಅಯಾನುಗಳು ಬೇರೆಯಾಗಿರುವ ಬಿಸಿ ಅನಿಲ) ತನ್ನ ಮುಂದೆ ಶಾಕ್ (ಸಾಂದ್ರತೆ, ಬಿಸಿ ತಟ್ಟನೆ ಏರುವ ಆಘಾತ ತರಂಗ) ಎಬ್ಬಿಸಿಕೊಂಡು ಹೊರಗೆ ಹೋದ ಹಾಗೆ ಅಲ್ಲಿ ಸಿಗುವ ರೇಡಿಯೋ ಸಿಗ್ನಲ್ಲಿನ ಆವರ್ತನ ಇಳಿಯುತ್ತಾ ಹೋಗುತ್ತದೆ. ಇದನ್ನು ಪಾಠ ಮಾಡಿದಾಗೆಲ್ಲ ಮಕ್ಕಳು ಕೇಳುವುದು ಒಂದೇ: ಅಲ್ಲಿ ಕಣಗಳು ಡಿಕ್ಕಿಯೇ ಹೊಡೆಯಲ್ವಲ್ಲ ಸರ್, ಮತ್ತೆ ಶಾಕ್ ಹೇಗೆ?

ನ್ಯಾಯವಾದ ಪ್ರಶ್ನೆ, ಗಾಳಿಯಲ್ಲಿ ಶಾಕ್ ಏಳುವುದು ಕಣಗಳ ಡಿಕ್ಕಿಯಿಂದಲೇ. ಸೌರಮಾರುತದ (ಸೂರ್ಯನಿಂದ ಸದಾ ಹರಿದು ಬರುವ ಪ್ಲಾಸ್ಮಾದ) ಪ್ರೋಟಾನ್ ಒಂದು ಡಿಕ್ಕಿಗೆ ಸುಮಾರು 15 ಕೋಟಿ ಕಿ.ಮೀ. ಹೋಗಬೇಕು. ಆದರೂ ಭೂಮಿಯ ಮುಂದೆ 90 ಸಾವಿರ ಕಿ.ಮೀ. ಆಸುಪಾಸಿನಲ್ಲಿ ಶಾಕ್ ನಿಂತೇ ಇದೆ. ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ ಲೇಸರ್ ಹೊಡೆದು ಎರಡು ಪ್ಲಾಸ್ಮಾ ಹರಿವುಗಳನ್ನು ಎದುರುಬದುರು ಬಿಟ್ಟು ಇಂಥದ್ದೇ ಶಾಕ್ ಎಬ್ಬಿಸಿದರು, 2020ರಲ್ಲಿ ಫಲಿತಾಂಶ ಬಂತು. ಗಾತ್ರ ಚಿಕ್ಕದಾದರೂ ಪರವಾಗಿಲ್ಲ, ಮ್ಯಾಕ್ ಸಂಖ್ಯೆಯಂಥ (ಹರಿವಿನ ವೇಗ ಅಲ್ಲಿನ ಅಲೆಗಳ ವೇಗದ ಎಷ್ಟು ಪಟ್ಟು ಎನ್ನುವುದು) ಅನುಪಾತಗಳು ಹೊಂದಿದರೆ ಸಾಕು. ಆ ಧೈರ್ಯದ ಮೇಲೆ ನಾನು ಕಂಪ್ಯೂಟರಿನಲ್ಲಿ ಶುರು ಮಾಡಿದೆ.

ಪೈಥಾನ್ ಭಾಷೆಯಲ್ಲಿ ಬರೆದ ಒಂದೇ ಆಯಾಮದ ಉದ್ದನೆ ಡಬ್ಬಿ, ಅದನ್ನು ಸಣ್ಣ ಚೌಕಗಳಾಗಿ ಹಂಚಿ ಒಳಗೆ ಪ್ಲಾಸ್ಮಾದ ಕಣಗಳನ್ನು ಓಡಿಸುವುದು. ಎರಡು ಹರಿವು ಬೇಕಿಲ್ಲ, ಒಂದು ಕೊನೆಗೆ ಗೋಡೆ ಇಟ್ಟರೆ ಪುಟಿದು ಬಂದ ಹರಿವೇ ಎದುರಾಳಿ, ಲೆಕ್ಕ ಅರ್ಧಕ್ಕರ್ಧ ಉಳಿಯುತ್ತದೆ. ಹರಿವಿಗೆ ಅಡ್ಡಲಾಗಿ ಕಾಂತಕ್ಷೇತ್ರ. ಪ್ರೋಟಾನ್ ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರ, ಅಷ್ಟಿಟ್ಟರೆ ನಮ್ಮ ಮೆಷಿನ್ ಮುಗಿಸುವುದೇ ಇಲ್ಲ, ಅದಕ್ಕೆ 100 ಇಟ್ಟೆ. ಕರೆಂಟ್ ಹೋಗುತ್ತಿರುತ್ತದೆ, ಹಾಗಾಗಿ ಆಗಾಗ ಫೈಲ್ ಸೇವ್ ಆಗುವಂತೆ ಬರೆಯಿರಿ. ಮೊದಲು ನೋಡಬೇಕಾದ್ದು ಒಟ್ಟು ಶಕ್ತಿಯ ಗ್ರಾಫ್. ಅದು ಸುಮ್ನೆ ಏರುತ್ತಿದ್ದರೆ ಚೌಕಗಳ ಅಳತೆ ಡಿಬೈ ಉದ್ದಕ್ಕಿಂತ (ಪ್ಲಾಸ್ಮಾದಲ್ಲಿ ಒಂದು ಕಣದ ಆವೇಶದ ಪ್ರಭಾವ ಸುತ್ತಲಿನ ಕಣಗಳಿಂದ ಮರೆಯಾಗುವ ದೂರ) ದೊಡ್ಡದಾಗಿದೆ ಅಂತ ಅರ್ಥ, ಮುಂದಿನ ಯಾವ ಚಿತ್ರವನ್ನೂ ನಂಬಬೇಡಿ.

ನನಗೆ ತುಂಬಾ ಇಷ್ಟವಾದದ್ದು ಅಯಾನುಗಳ (ಇಲ್ಲಿ ಪ್ರೋಟಾನುಗಳ) ಸ್ಥಾನ ಮತ್ತು ವೇಗದ ಚಿತ್ರ. ಬರುವ ಅಯಾನುಗಳು ಒಂದು ಸಪಾಟಾದ ಪಟ್ಟಿ. ಶಾಕಿನ ಹತ್ತಿರ ಆ ಪಟ್ಟಿಯಿಂದ ಒಂದಷ್ಟು ಅಯಾನುಗಳು ಮೇಲಕ್ಕೆ ಸುರುಳಿ ಬಿಚ್ಚಿದಂತೆ ಏಳುತ್ತವೆ. ಇವು ಶಾಕಿಗೆ ತಾಗಿ ಹಿಂದಕ್ಕೆ ಚಿಮ್ಮಿದವು. ಕಾಂತಕ್ಷೇತ್ರ ಅವನ್ನು ತಿರುಗಿಸಿ ಮತ್ತೆ ಒಳಗೆ ತಂದು ಬಿಡುತ್ತದೆ, ಆಗ ವೇಗವೂ ಜಾಸ್ತಿ. ಡಿಕ್ಕಿ ಮಾಡಬೇಕಾದ ಕೆಲಸವನ್ನು ಕ್ಷೇತ್ರಗಳೇ ಮಾಡುತ್ತಿವೆ! ಶಾಕಿನ ಮುಂದೆ ಸಾಂದ್ರತೆ ಒಂದು ಸಣ್ಣ ಮೆಟ್ಟಿಲಿನಷ್ಟು ಏರಿರುತ್ತದಲ್ಲ, ಅದು ಈ ವಾಪಸ್ ಬಂದವುಗಳದ್ದೇ. ಈ ಒಂದು ಚಿತ್ರ ತೋರಿಸಿದ ಮೇಲೆ ಮಕ್ಕಳಿಗೆ ನಾನು ಬೇರೇನೂ ವಿವರಿಸಬೇಕಾಗಲಿಲ್ಲ.

ಶಾಕ್ ದಾಟಿದ ಮೇಲೆ ಸಾಂದ್ರತೆ ಹೆಚ್ಚೆಂದರೆ 4 ಪಟ್ಟು ಅಂತ ಪುಸ್ತಕದಲ್ಲಿರುತ್ತದೆ, ಇಲ್ಲಿ ಅದು 3ರ ಹತ್ತಿರವೇ ನಿಲ್ಲುತ್ತದೆ, ಗಾಬರಿಯಾಗಬೇಡಿ. ಒಂದೇ ಆಯಾಮದಲ್ಲಿ ಕ್ಷೇತ್ರ ಅಡ್ಡಲಾಗಿದ್ದರೆ ಬಿಸಿ ಎರಡು ದಿಕ್ಕಿಗೆ ಮಾತ್ರ ಹಂಚಿಹೋಗುತ್ತದೆ, ಅದರ ಮಿತಿ 3.

ಈಗ ಕ್ಷೇತ್ರವನ್ನು ಓರೆ ಮಾಡಿ ನೋಡುತ್ತಿದ್ದೇವೆ. ಜಾಸ್ತಿ ಓರೆಯಾದರೆ ಚಿಮ್ಮಿದ ಅಯಾನುಗಳು ಕ್ಷೇತ್ರದ ಗೆರೆ ಹಿಡಿದು ತುಂಬಾ ಮುಂದಕ್ಕೆ ಓಡುತ್ತವೆ, ಡಬ್ಬಿ ಇನ್ನೂ ಉದ್ದ ಬೇಕು, ಮೆಮೊರಿಯೂ ಅಷ್ಟೇ.