ಕಲಿತದ್ದು ಕೆಲಸದಲ್ಲಿ ಕಾಣುವಂತೆ ತರಬೇತಿಯನ್ನು ರೂಪಿಸುವ ಬಗೆ

ತರಬೇತಿಯ ಕೊನೆಯಲ್ಲಿ ಹಂಚುವ ಅಭಿಪ್ರಾಯದ ನಮೂನೆಯಲ್ಲಿ ಬಹುತೇಕ ಎಲ್ಲರೂ ‘ತುಂಬಾ ಚೆನ್ನಾಗಿತ್ತು’ ಎಂದು ಬರೆದು ಹೋಗುತ್ತಾರೆ. ಮೂರು ವಾರ ಕಳೆದು ಅದೇ ಜನರ ಕೆಲಸವನ್ನು ಗಮನಿಸಿದರೆ ಎಷ್ಟೋ ಸಲ ಏನೂ ಬದಲಾಗಿರುವುದಿಲ್ಲ. ಕಲಿಯುವಾಗ ಹಿತವೆನಿಸುವುದು ಬೇರೆ, ಕಲಿತದ್ದು ಉಳಿಯುವುದು ಬೇರೆ. ಉಳಿಯುವ ಕಲಿಕೆಗೆ ಶ್ರಮ ಬೇಕು. ಆ ಶ್ರಮವನ್ನು ಕಲಿಯುವವರು ಮನಸಾರೆ ಪಡುವಂತಾಗಲು ಪ್ರೇರಣೆ ಬೇಕು. ಕಲಿಕೆಯ ಸಿದ್ಧಾಂತಗಳನ್ನೂ ಪ್ರೇರಣೆಯ ತಂತ್ರಗಳನ್ನೂ ಹೀಗೆ ಒಂದಕ್ಕೊಂದು ಹೊಂದಿಸಿಕೊಂಡು ನೋಡಿದಾಗಲೇ ಅವು ವಿನ್ಯಾಸಕ್ಕೆ ನೆರವಾಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಸ್ಪತ್ರೆಯ ಸಿಬ್ಬಂದಿಗೆ ಕೈ ಶುಚಿತ್ವವನ್ನು ಕಲಿಸುವ ಒಂದು ತರಬೇತಿಯನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ತರಬೇತಿಯಿಂದ ಬಗೆಹರಿಯುವ ತೊಂದರೆಯೇ?

ವಾರ್ಡಿನಲ್ಲಿ ಕೈ ಶುಚಿಗೊಳಿಸುವುದು ತಪ್ಪುತ್ತಿದೆ ಎಂಬ ದೂರು ಬಂದ ಕೂಡಲೇ ಸ್ಲೈಡುಗಳನ್ನು ಸಿದ್ಧಪಡಿಸಲು ಕೂರಬೇಡಿ. ಮೊದಲು ಅರ್ಧ ದಿನ ವಾರ್ಡಿನಲ್ಲಿ ನಿಂತು, ಕಂಡದ್ದನ್ನು ಒಂದು ಪಟ್ಟಿಯಲ್ಲಿ ಗುರುತಿಸುತ್ತಾ ನೋಡಿ. ಯಾವಾಗ ಶುಚಿಗೊಳಿಸಬೇಕೆಂಬುದೇ ಸಿಬ್ಬಂದಿಗೆ ಗೊತ್ತಿಲ್ಲವೇ, ಗೊತ್ತಿದ್ದರೂ ಸರಿಯಾಗಿ ಉಜ್ಜಲು ಬರುವುದಿಲ್ಲವೇ, ಬಂದರೂ ಮನಸ್ಸಿಲ್ಲವೇ ಅಥವಾ ಸ್ಯಾನಿಟೈಸರ್ ಬಾಟಲಿಯು ಹಾಸಿಗೆಯ ಬಳಿ ಇರದೆ ದೂರದ ಬಾಗಿಲಿನ ಪಕ್ಕದಲ್ಲಿದೆಯೇ? ಕೊನೆಯದೇ ಕಾರಣವಾಗಿದ್ದರೆ ಬಾಟಲಿಯ ಜಾಗ ಬದಲಿಸಿದರೆ ಸಾಕು, ತರಬೇತಿಯ ಅಗತ್ಯವಿಲ್ಲ.

ತರಬೇತಿ ಬೇಕೆಂದು ಖಚಿತವಾದ ಮೇಲೆ ಗುರಿಯನ್ನು ಕಣ್ಣಿಗೆ ಕಾಣುವ ಕ್ರಿಯೆಯಾಗಿ ಬರೆಯಿರಿ. ‘ಕೈ ಶುಚಿತ್ವದ ಮಹತ್ವವನ್ನು ಅರಿಯುವುದು’ ಎಂಬ ಗುರಿಯನ್ನು ಯಾರೂ ಅಳೆಯಲಾರರು. ‘ರೋಗಿಯನ್ನು ಮುಟ್ಟುವ ಮೊದಲು ಸ್ಯಾನಿಟೈಸರ್ ತೆಗೆದುಕೊಂಡು, ಹೆಬ್ಬೆರಳು ಮತ್ತು ಬೆರಳ ತುದಿಗಳೂ ಸೇರಿದಂತೆ ಇಡೀ ಕೈಯನ್ನು 20ರಿಂದ 30 ಸೆಕೆಂಡು ಉಜ್ಜುವುದು’ ಎಂದು ಬರೆದರೆ ಏನನ್ನು ಅಭ್ಯಾಸ ಮಾಡಿಸಬೇಕು, ಏನನ್ನು ಪರೀಕ್ಷಿಸಬೇಕು ಎಂಬುದು ಆ ವಾಕ್ಯದಲ್ಲೇ ಇರುತ್ತದೆ.

ಹೇಳುವುದನ್ನು ಕಡಿಮೆ ಮಾಡಿ, ನೆನಪಿಸಿಕೊಳ್ಳುವುದನ್ನು ಹೆಚ್ಚಿಸಿ

ಹೊಸ ವಿಷಯವನ್ನು ಒಮ್ಮೆಗೇ ಹಿಡಿದಿಟ್ಟುಕೊಳ್ಳುವ ಮನಸ್ಸಿನ ಶಕ್ತಿ ಬಹಳ ಸೀಮಿತವಾದದ್ದು. ಜಾನ್ ಸ್ವೆಲ್ಲರ್ ಅವರು 1980ರ ದಶಕದಲ್ಲಿ ಬೆಳೆಸಿದ ಜ್ಞಾನಾತ್ಮಕ ಹೊರೆಯ ಸಿದ್ಧಾಂತವು ಈ ಮಿತಿಯ ಮೇಲೆಯೇ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯು ಕೈ ಶುಚಿಗೊಳಿಸಲೇಬೇಕಾದ ಐದು ಸಂದರ್ಭಗಳನ್ನು ಹೇಳುತ್ತದೆ: ರೋಗಿಯನ್ನು ಮುಟ್ಟುವ ಮೊದಲು, ಸೋಂಕುರಹಿತವಾಗಿ ಮಾಡಬೇಕಾದ ಕಾರ್ಯದ ಮೊದಲು, ದೇಹದ್ರವಗಳ ಸಂಪರ್ಕ ಸಂಭವಿಸಿರಬಹುದಾದಾಗ, ರೋಗಿಯನ್ನು ಮುಟ್ಟಿದ ನಂತರ ಮತ್ತು ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಈ ಐದನ್ನೂ ಸೋಂಕುಗಳ ವರ್ಗೀಕರಣ, ಇತಿಹಾಸ, ಅಂಕಿಅಂಶಗಳ ನಡುವೆ ತುರುಕಿದರೆ ಹೊಸಬರಿಗೆ ಯಾವುದೂ ಉಳಿಯುವುದಿಲ್ಲ. ಬದಲಿಗೆ ದಾದಿಯೊಬ್ಬರು ರೋಗಿಯ ಡ್ರಿಪ್ ಬದಲಿಸುವ ಪೂರ್ಣ ಪ್ರಸಂಗವನ್ನು ಹಂತ ಹಂತವಾಗಿ ಬಿಡಿಸಿ ತೋರಿಸಿ. ಎರಡನೆಯ ಪ್ರಸಂಗದಲ್ಲಿ ಕೆಲವು ಹಂತಗಳನ್ನು ಕಲಿಯುವವರೇ ತುಂಬಲಿ. ಮೂರನೆಯದನ್ನು ಪೂರ್ತಿ ಅವರಿಗೇ ಬಿಡಿ. ಅನುಭವಿಗಳ ವಿಷಯದಲ್ಲಿ ಕ್ರಮ ಬೇರೆ: ಅವರಿಗೆ ಈ ಬಿಡಿಸಿದ ವಿವರಣೆಯೇ ಹೊರೆಯಾಗುವುದರಿಂದ ನೇರವಾಗಿ ಪ್ರಸಂಗವನ್ನು ಕೈಗೆ ಕೊಡಿ.

ಸಿದ್ಧಾಂತಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ನೆನಪಿಸಿಕೊಳ್ಳುವ ಅಭ್ಯಾಸವನ್ನು ಆರಿಸುತ್ತೇನೆ. ರೋಡಿಗರ್ ಮತ್ತು ಕಾರ್ಪಿಕೆ ಅವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮರಳಿ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರದ ನಂತರ, ಓದಿದ್ದನ್ನು ನೆನಪಿನಿಂದ ಬರೆದವರೇ ಸ್ಪಷ್ಟವಾಗಿ ಮುಂದೆ ಹೋದರು. ಆದ್ದರಿಂದ ಪ್ರತಿ ಭಾಗ ಮುಗಿದಾಗ ಸಾರಾಂಶದ ಸ್ಲೈಡ್ ತೋರಿಸುವ ಬದಲು ಖಾಲಿ ಹಾಳೆ ಕೊಟ್ಟು, ‘ಈಗ ಕಂಡ ಪ್ರಸಂಗದಲ್ಲಿ ಎಷ್ಟು ಕಡೆ ಕೈ ಶುಚಿಗೊಳಿಸಬೇಕಿತ್ತು, ಏಕೆ?’ ಎಂದು ಕೇಳಿ. ಇದಕ್ಕೆ ಅಂಕ ಕೊಡಬೇಡಿ. ಸರಿಯುತ್ತರವನ್ನು ಮಾತ್ರ ಆಮೇಲೆ ತಪ್ಪದೆ ತೋರಿಸಿ.

ಮರೆವು ಕಲಿತ ಕೂಡಲೇ ಅತಿ ವೇಗವಾಗಿ ನಡೆಯುತ್ತದೆ ಎಂಬುದನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದರು. ಇಡೀ ದಿನದ ಒಂದೇ ತರಬೇತಿಗಿಂತ ವಾರಗಳ ಅಂತರದಲ್ಲಿ ಹಂಚಿದ ಚಿಕ್ಕ ಅವಧಿಗಳು ಮೇಲು. ಇಲ್ಲೊಂದು ಎಚ್ಚರಿಕೆಯೂ ಇದೆ. ಬ್ಯಾಡ್ಲಿ ಮತ್ತು ಲಾಂಗ್‌ಮನ್ 1978ರಲ್ಲಿ ಬ್ರಿಟನ್ನಿನ ಅಂಚೆ ನೌಕರರಿಗೆ ಕೀಬೋರ್ಡ್ ಕಲಿಸಿದ ಅಧ್ಯಯನವನ್ನು ಪ್ರಕಟಿಸಿದರು. ದಿನಕ್ಕೆ ಒಂದೇ ಗಂಟೆ ಕಲಿತವರಿಗೆ, ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಒಟ್ಟು ಕಡಿಮೆ ಗಂಟೆಗಳು ಸಾಕಾದವು. ಹಾಗಿದ್ದರೂ ತಮ್ಮ ತರಬೇತಿಯ ಬಗ್ಗೆ ಹೆಚ್ಚು ಅತೃಪ್ತರಾಗಿದ್ದವರು ಅವರೇ. ಶ್ರಮದ, ನಿಧಾನದ ದಾರಿಯನ್ನು ಏಕೆ ಆರಿಸಿದ್ದೀರಿ ಎಂಬುದನ್ನು ಮೊದಲ ದಿನವೇ ಕಲಿಯುವವರಿಗೆ ತಿಳಿಸಿ ಹೇಳದಿದ್ದರೆ, ಒಳ್ಳೆಯ ವಿನ್ಯಾಸಕ್ಕೇ ಕೆಟ್ಟ ಹೆಸರು ಬರುತ್ತದೆ.

ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಜನರನ್ನು ವಿಂಗಡಿಸಿ ಬೇರೆ ಬೇರೆ ಪಾಠ ಸಿದ್ಧಪಡಿಸುವ ರೂಢಿಗೆ ತಕ್ಕ ಆಧಾರಗಳಿಲ್ಲ. ಆ ಸಮಯವನ್ನು ಅಭ್ಯಾಸಕ್ಕೆ ಕೊಡಿ.

ಮನಸ್ಸು ಒಲಿಯುವುದು ಹೇಗೆ

ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ದ್ರವವನ್ನು ಬೆರೆಸಿದ ಸ್ಯಾನಿಟೈಸರನ್ನು ಎಲ್ಲರಿಗೂ ಕೊಟ್ಟು, ಎಂದಿನಂತೆ ಉಜ್ಜಿಕೊಳ್ಳಲು ಹೇಳಿ. ಬಳಿಕ ಒಬ್ಬೊಬ್ಬರೂ ಕೈಗಳನ್ನು ಅತಿನೇರಳೆ ದೀಪದ ಕೆಳಗೆ ಹಿಡಿಯಲಿ. ಅಂಗೈ ನೀಲಿಯಾಗಿ ಹೊಳೆಯುತ್ತದೆ. ಹೆಬ್ಬೆರಳಿನ ಬುಡ, ಉಗುರಿನ ಅಂಚು, ಬೆರಳ ತುದಿ ಎಷ್ಟೋ ಜನರಲ್ಲಿ ಕಪ್ಪಾಗಿಯೇ ಉಳಿದಿರುತ್ತವೆ. ಹತ್ತು ವರ್ಷ ಕೆಲಸ ಮಾಡಿದವರೂ ಆಗ ತಮ್ಮ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ. ಯಾರೂ ಅವರನ್ನು ದೂರಲಿಲ್ಲ. ಕೊರತೆ ಅವರ ಕಣ್ಣಿಗೇ ಬಿತ್ತು. ಮತ್ತೊಮ್ಮೆ ಸರಿಯಾಗಿ ಉಜ್ಜಿ ಕೈಯಿಟ್ಟಾಗ ಇಡೀ ಕೈ ಬೆಳಗುತ್ತದೆ. ‘ನನ್ನಿಂದ ಇದು ಆಗುತ್ತದೆ’ ಎಂಬ ನಂಬಿಕೆ ಬೆಳೆಯಲು ಸ್ವಂತ ಯಶಸ್ಸಿನ ಅನುಭವಕ್ಕಿಂತ ಬಲವಾದ ಮೂಲವಿಲ್ಲ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಹೇಳಿದ್ದು ಇದನ್ನೇ. ಜಾನ್ ಕೆಲ್ಲರ್ ಅವರು ತಮ್ಮ ಪ್ರೇರಣೆಯ ಮಾದರಿಯಲ್ಲಿ ಹೇಳುವ ಗಮನ, ಪ್ರಸ್ತುತತೆ, ಆತ್ಮವಿಶ್ವಾಸ, ತೃಪ್ತಿ ಎಂಬ ನಾಲ್ಕೂ ಆ ಹತ್ತು ನಿಮಿಷಗಳಲ್ಲಿ ಒಟ್ಟಿಗೆ ಬಂದುಬಿಡುತ್ತವೆ.

ಬಹುಮಾನಗಳನ್ನು ಎಚ್ಚರದಿಂದ ಬಳಸಿ. ಚಿತ್ರ ಬಿಡಿಸುವುದರಲ್ಲಿ ತಾವಾಗಿಯೇ ಆಸಕ್ತಿಯಿದ್ದ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬಿಡಿಸಲು ಹೇಳಿದಾಗ, ಆಮೇಲೆ ಅವರ ಆಸಕ್ತಿಯೇ ತಗ್ಗಿತೆಂದು 1973ರ ಪ್ರಸಿದ್ಧ ಪ್ರಯೋಗವೊಂದು ತೋರಿಸಿತು. ಮನೋವಿಜ್ಞಾನಿಗಳಾದ ಡೆಸಿ ಮತ್ತು ರಯಾನ್ ಹೇಳುವಂತೆ ಸ್ವಾಯತ್ತತೆ, ಸಾಮರ್ಥ್ಯದ ಅರಿವು, ಇತರರೊಂದಿಗಿನ ನಂಟು ಇವು ಒಳಗಿನ ಪ್ರೇರಣೆಯನ್ನು ಪೋಷಿಸುತ್ತವೆ. ಅಭ್ಯಾಸದ ಪ್ರಸಂಗಗಳನ್ನು ತಮ್ಮ ವಾರ್ಡಿನಿಂದಲೇ ಆರಿಸುವ ಅವಕಾಶವನ್ನು ಶಿಬಿರಾರ್ಥಿಗಳಿಗೇ ಕೊಡಿ. ಉದ್ದೇಶವನ್ನು ಹೇಳುವಾಗ ರೋಗಿಯನ್ನು ಮುಂದಿಡಿ: ಗ್ರಾಂಟ್ ಮತ್ತು ಹಾಫ್‌ಮನ್ ಅವರ 2011ರ ಅಧ್ಯಯನದಲ್ಲಿ, ಕೈ ಶುಚಿತ್ವವು ನಿಮ್ಮನ್ನು ಕಾಪಾಡುತ್ತದೆ ಎಂಬ ಫಲಕಕ್ಕಿಂತ ರೋಗಿಗಳನ್ನು ಕಾಪಾಡುತ್ತದೆ ಎಂಬ ಫಲಕವೇ ಆಸ್ಪತ್ರೆಯ ಸಿಬ್ಬಂದಿಯ ಮೇಲೆ ಹೆಚ್ಚು ಪರಿಣಾಮ ಬೀರಿತ್ತು.

ಕೊಠಡಿಯಿಂದ ಕೆಲಸದ ಜಾಗಕ್ಕೆ

ಹೊರಡುವ ಮುನ್ನ ಪ್ರತಿಯೊಬ್ಬರೂ ‘ಇಂಥ ಸಂದರ್ಭ ಬಂದಾಗ ಹೀಗೆ ಮಾಡುತ್ತೇನೆ’ ಎಂಬ ರೂಪದ ಒಂದು ವಾಕ್ಯವನ್ನು ಬರೆಯಲಿ. ‘ಹಾಸಿಗೆಯ ಪರದೆ ಸರಿಸುವ ಮುನ್ನ ಬಾಟಲಿ ಒತ್ತುತ್ತೇನೆ’ ಎಂಬಷ್ಟು ನಿಖರವಾಗಿರಲಿ. ಸಂದರ್ಭವನ್ನೂ ಕ್ರಿಯೆಯನ್ನೂ ಹೀಗೆ ಮೊದಲೇ ಬೆಸೆದುಕೊಂಡರೆ ಸಂಕಲ್ಪ ಕಾರ್ಯವಾಗುವ ಸಂಭವ ಹೆಚ್ಚು ಎಂದು ಪೀಟರ್ ಗೊಲ್ವಿಟ್ಸರ್ ಅವರ ಸಂಶೋಧನೆ ತಿಳಿಸುತ್ತದೆ. ಮೇಲ್ವಿಚಾರಕರನ್ನು ತರಬೇತಿಗೆ ಮೊದಲೇ ಭೇಟಿಯಾಗಿ, ಸಿಬ್ಬಂದಿ ಮರಳಿದ ವಾರದಲ್ಲಿ ಏನನ್ನು ಗಮನಿಸಿ ಮೆಚ್ಚಬೇಕೆಂದು ಒಪ್ಪಿಸಿಕೊಳ್ಳಿ. ಹಿರಿಯರೇ ಕೈ ಶುಚಿಗೊಳಿಸದೆ ಮುಂದೆ ಹೋದರೆ ಕಿರಿಯರು ಕಲಿಯುವುದು ಅದನ್ನೇ.

ಮೌಲ್ಯಮಾಪನಕ್ಕೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಗುರುತಿಸಿದ ನಾಲ್ಕು ಮಟ್ಟಗಳೆಂದರೆ ಪ್ರತಿಕ್ರಿಯೆ, ಕಲಿಕೆ, ವರ್ತನೆ ಮತ್ತು ಫಲಿತಾಂಶ. ಅಭಿಪ್ರಾಯದ ನಮೂನೆ ಮುಟ್ಟುವುದು ಮೊದಲನೆಯದನ್ನು ಮಾತ್ರ. ವರ್ತನೆಯನ್ನು ಅಳೆಯಲು ತರಬೇತಿಗೆ ಮುನ್ನ ವಾರ್ಡಿನಲ್ಲಿ ನಿಂತು ನೋಡಿದ ಅದೇ ಪಟ್ಟಿಯನ್ನು ಹಿಡಿದು, ಮೂರನೆಯ ಮತ್ತು ಎಂಟನೆಯ ವಾರ ಅದೇ ವೇಳೆಯಲ್ಲಿ ಮತ್ತೆ ನಿಂತು ನೋಡಿ. ಈ ಎರಡು ದಿನಾಂಕಗಳನ್ನು ತರಬೇತಿಯ ಆಹ್ವಾನಪತ್ರದಲ್ಲೇ ನಮೂದಿಸಿ, ನಿಮ್ಮ ಶುಲ್ಕ ಅಥವಾ ಸಮಯದ ಲೆಕ್ಕದಲ್ಲೂ ಸೇರಿಸಿಕೊಳ್ಳಿ.