ಕೈಗಡಿಯಾರದ ಮುಳ್ಳಿಗೆ ಮತ್ತೆ ಬೆಳಕು ತುಂಬುವುದು

ಹೋದ ಮಳೆಗಾಲದಲ್ಲಿ ಮಾಟುಂಗಾದ ಹೋಟೆಲೊಂದರಲ್ಲಿ ಇಡ್ಲಿ ಬೇಯಿಸುವ ಕುಂದಾಪುರದ ಹುಡುಗನೊಬ್ಬ ದಾದರಿನ ನನ್ನ ರಿಪೇರಿ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ತಂದೆಯ ಎಚ್‌ಎಂಟಿ ಪೈಲಟ್. "ಅಣ್ಣಾ, ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. ಕೋಣೆಯಲ್ಲಿ ಇನ್ನೂ ಏಳು ಜನ ಮಲಗಿರುತ್ತಾರೆ. ದೀಪ ಹಾಕದೆ ಗಂಟೆ ಕಾಣುವ ಹಾಗೆ ರೇಡಿಯಂ ಹಾಕಿಕೊಡಿ" ಎಂದ.

ಗಡಿಯಾರ ಚೆನ್ನಾಗಿಯೇ ಓಡುತ್ತಿತ್ತು. ಹಿಂದೆ ಯಾರೋ ಮುಳ್ಳು ಬದಲಾಯಿಸುವಾಗ ಖಾಲಿ ಮುಳ್ಳು ಕೂರಿಸಿದ್ದರು. ಮುಳ್ಳಿನ ನಡುವಿನ ಉದ್ದ ಕಿಂಡಿಯಲ್ಲಿ ಹೊಳೆಯುವ ಪದಾರ್ಥ ಇರಲೇ ಇಲ್ಲ. ಇಂಥ ಖಾಲಿ ಮುಳ್ಳನ್ನು ತುಂಬುವ ಕೆಲಸವನ್ನು ಇಲ್ಲಿ ಹೇಳುತ್ತೇನೆ. ಹೊಸಬರು ಬಿಡಿಭಾಗದ ಅಂಗಡಿಯಿಂದ ಅಗ್ಗದ ಖಾಲಿ ಮುಳ್ಳು ನಾಲ್ಕಾರು ತಂದು ಮೊದಲು ಅವುಗಳ ಮೇಲೆ ಕೈ ಪಳಗಿಸಿಕೊಳ್ಳಿ.

ರೇಡಿಯಂ ಎಂಬ ಹೆಸರಿನ ಗೊಂದಲವನ್ನು ಮೊದಲು ಬಿಡಿಸಬೇಕು. ರಿಕ್ಷಾದ ಹಿಂದೆ ಅಂಟಿಸುವ ಸ್ಟಿಕರಿಗೂ ನಾವು ರೇಡಿಯಂ ಎನ್ನುತ್ತೇವೆ, ಮಕ್ಕಳ ಕೋಣೆಯ ಚಾವಣಿಯ ನಕ್ಷತ್ರಕ್ಕೂ ರೇಡಿಯಂ ಎನ್ನುತ್ತೇವೆ. ಎರಡರಲ್ಲೂ ರೇಡಿಯಂ ಎಂಬ ವಿಕಿರಣ ಸೂಸುವ ಧಾತು ಇಲ್ಲ. ಸ್ಟಿಕರು ತನ್ನ ಮೇಲೆ ಬಿದ್ದ ಹೆಡ್‌ಲೈಟನ್ನು ಬಂದ ದಿಕ್ಕಿಗೇ ತಿರುಗಿಸುತ್ತದೆ ಅಷ್ಟೆ. ಕತ್ತಲ ಕೋಣೆಯಲ್ಲಿ ಅದು ಏನೂ ಅಲ್ಲ. ನಕ್ಷತ್ರ ಮಾತ್ರ ಬೆಳಕನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ನಮಗೆ ಬೇಕಾದದ್ದು ಆ ಜಾತಿಯದು.

ನಿಜವಾದ ರೇಡಿಯಂ ಹಳೆಯ ಗಡಿಯಾರಗಳಲ್ಲಿತ್ತು. 1917ರ ಹೊತ್ತಿನಿಂದ ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಡಯಲಿಗೆ ಅದನ್ನು ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡಿಕೊಳ್ಳುತ್ತಿದ್ದರು. ದವಡೆ ಕೊಳೆತು ಹಲವರು ಸತ್ತರು. ಆ ಧಾತು ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಬಣ್ಣ ಹೊಳೆಯುವುದನ್ನು ನಿಲ್ಲಿಸಿದರೂ ವಿಷ ಹಾಗೆಯೇ ಇರುತ್ತದೆ. ಆದ್ದರಿಂದ 1970ಕ್ಕಿಂತ ಹಿಂದಿನ ಗಡಿಯಾರದಲ್ಲಿ ಕಂದು ತಿರುಗಿದ ಪದಾರ್ಥ ಕಂಡರೆ ಕೆರೆಯಬೇಡಿ, ಮನೆಯಲ್ಲಿ ಬಿಚ್ಚಲೇಬೇಡಿ. ಈ ಮಾತನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು.

ಇಂದು ಬಳಸುವುದು ಸ್ಟ್ರಾಂಶಿಯಂ ಅಲ್ಯುಮಿನೇಟ್ ಪುಡಿ. ಅದರಲ್ಲಿ ಯುರೋಪಿಯಂ, ಡಿಸ್ಪ್ರೋಸಿಯಂ ಎಂಬ ಧಾತುಗಳು ಲೇಶಮಾತ್ರ ಬೆರೆತಿರುತ್ತವೆ. ಬೆಳಕು ಬಿದ್ದಾಗ ಮೇಲೆದ್ದ ಎಲೆಕ್ಟ್ರಾನುಗಳು ಹರಳಿನೊಳಗಿನ ಗುಂಡಿಗಳಲ್ಲಿ ಸಿಕ್ಕಿಬೀಳುತ್ತವೆ. ಕೋಣೆಯ ಶಾಖ ಅವನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿ ಹೊರಬಿಡುತ್ತದೆ. ಆಗ ಯುರೋಪಿಯಂ ಹಸಿರಾಗಿ ಹೊಳೆಯುತ್ತದೆ. ಪುಡಿಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೆಳಕಿಗೆ ಹಿಡಿದು, ಅರ್ಧವನ್ನು ಅಂಗೈಯಲ್ಲಿ ಒತ್ತಿಕೊಂಡು ಕತ್ತಲಲ್ಲಿ ನೋಡಿ. ಅಂಗೈ ತಾಗಿದ ಕಡೆ ಹೊಳಪು ಹೆಚ್ಚು, ಆದರೆ ಅದೇ ಕಡೆ ಬೇಗ ಆರುತ್ತದೆ.

ಪುಡಿಗೆ ನೀರು ಆಗದು. ಮೊದಲ ವರ್ಷ ನಾನು ಜುಲೈಯಲ್ಲಿ ನೀರಿನ ಗೋಂದಿನಲ್ಲಿ ಕಲಸಿದ್ದೆ, ಗಣೇಶ ಚೌತಿಯ ಹೊತ್ತಿಗೆ ಹೊಳಪು ಸತ್ತಿತ್ತು. ಎಣ್ಣೆಯ ಬುಡದ ಸ್ವಚ್ಛ ವಾರ್ನಿಷ್ ತೆಗೆದುಕೊಳ್ಳಿ. ಪುಡಿಯನ್ನು ನುಣ್ಣಗೆ ಅರೆಯಲೂ ಬೇಡಿ, ಕಣ ಚಿಕ್ಕದಾದಷ್ಟೂ ಬೆಳಕು ಕಡಿಮೆ. ಮೂಗಿಗೆ ಮಾಸ್ಕ್ ಇರಲಿ.

ಮುಳ್ಳುಗಳನ್ನು ಹನ್ನೆರಡಕ್ಕೆ ತಂದು, ಡಯಲಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಎರಡು ಕಡೆಯಿಂದ ಸಮವಾಗಿ ಎತ್ತಿ ತೆಗೆಯಿರಿ. ಬೆಂಕಿಕಡ್ಡಿಯ ತುದಿಯನ್ನು ಸೀಳಿ, ಅದರಲ್ಲಿ ಮುಳ್ಳಿನ ದುಂಡು ಬುಡವನ್ನು ಸಿಕ್ಕಿಸಿ, ಹಿಂಬದಿ ಮೇಲೆ ಬರುವಂತೆ, ಕಿಂಡಿ ಗಾಳಿಯಲ್ಲಿ ನಿಲ್ಲುವಂತೆ ಇಡಿ. ಗಾಜಿನ ಚೂರಿನ ಮೇಲೆ ಪುಡಿ ಮತ್ತು ವಾರ್ನಿಷನ್ನು ಸರಿಸುಮಾರು ಸಮಸಮ ಕಲಸಿ. ಇಡ್ಲಿ ಹಿಟ್ಟಿನಷ್ಟು ಗಟ್ಟಿ ಬೇಕು. ದೋಸೆ ಹಿಟ್ಟಾದರೆ ಸೋರಿ ಬೀಳುತ್ತದೆ. ಆ ಹುಡುಗನಿಗೆ ಹೀಗೆ ಹೇಳಿದಾಗ ಕೂಡಲೇ ಅರ್ಥವಾಯಿತು.

ಗಡಿಯಾರಕ್ಕೆ ಎಣ್ಣೆ ಬಿಡುವ ಕಡ್ಡಿಯ ತುದಿಯಲ್ಲಿ ಒಂದು ಹನಿ ಎತ್ತಿಕೊಳ್ಳಿ. ಕಿಂಡಿಯ ಅಗಲವಾದ ಕಡೆಯ ಎರಡು ಅಂಚುಗಳಿಗೂ ಅದು ತಾಗಬೇಕು. ತಾಗಿದ ಕ್ಷಣ ಹನಿ ತಾನೇ ಹರಡಿ ಪೊರೆಯಾಗುತ್ತದೆ. ಉಸಿರು ಬಿಗಿಹಿಡಿದು ಚೂಪು ತುದಿಯವರೆಗೆ ಒಂದೇ ಎಳೆತದಲ್ಲಿ ಒಯ್ಯಿರಿ. ನಡುವೆ ನಿಲ್ಲಿಸಬೇಡಿ, ಹಿಂತಿರುಗಿ ತಿದ್ದಬೇಡಿ. ತಿದ್ದಿದಲ್ಲೆಲ್ಲ ಗಂಟು ಉಳಿಯುತ್ತದೆ. ಕೆಟ್ಟರೆ ಟರ್ಪೆಂಟೈನಿನಲ್ಲಿ ತೊಳೆದು ಮೊದಲಿನಿಂದ ಮಾಡುವುದೇ ಲೇಸು. ನಾನು ಆ ನಿಮಿಷದ ಮುಳ್ಳನ್ನು ಮೂರು ಸಲ ತೊಳೆದೆ.

ಡಯಲಿನ ಚುಕ್ಕಿಗಳಿಗೆ ಬೇರೆ ಕ್ರಮ. ಕಪ್ಪು ಡಯಲು ಬೆಳಕನ್ನು ನುಂಗಿಬಿಡುತ್ತದೆ. ಮೊದಲು ಬಿಳಿ ಬಣ್ಣದ ಚುಕ್ಕಿ ಇಟ್ಟು, ಒಣಗಿದ ಮೇಲೆ ಅದರ ಮೇಲೆ ಈ ಮಿಶ್ರಣ ಇಡಿ.

ಗಾಜಿನ ಲೋಟ ಬೋರಲು ಹಾಕಿ ಒಂದು ದಿನ ಒಣಗಿಸಿ. ಮುಂಬಯಿಯ ಮಳೆಗಾಲದಲ್ಲಿ ಎರಡು ದಿನ, ಜೊತೆಗೆ ಔಷಧದ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ. ಮರಳಿ ಕೂರಿಸುವಾಗ ಕೀಲಿ ಕೊಡುವ ಗುಂಡಿಯನ್ನು ಎಳೆದು ಹನ್ನೆರಡು ಗಂಟೆ ಪೂರ್ತಿ ತಿರುಗಿಸಿ ನೋಡಿ. ಹಿಂಬದಿಯ ಉಬ್ಬು ಕೆಳಗಿನ ಮುಳ್ಳಿಗೆ ಉಜ್ಜಿದರೆ ಗಡಿಯಾರ ನಿಲ್ಲುತ್ತದೆ.

ಮೂರು ದಿನದ ಮೇಲೆ ಹುಡುಗ ಮತ್ತೆ ಬಂದ. ರಾತ್ರಿ ಏನೂ ಕಾಣುವುದಿಲ್ಲ ಎಂದ. ವಿಚಾರಿಸಿದರೆ, ಅವರ ಕೋಣೆಯಲ್ಲಿ ಉರಿಯುವುದು ಕೆಂಪು ಝೀರೋ ಬಲ್ಬ್ ಒಂದೇ. ಕೆಂಪು ಬೆಳಕಿಗೆ ಈ ಪುಡಿಯನ್ನು ತುಂಬಿಸುವ ಶಕ್ತಿ ಇಲ್ಲ. ನೀಲಿ, ನೇರಳೆಯ ಪಾಲು ಇರುವ ಬೆಳಕು ಬೇಕು. ಮಲಗುವ ಮುನ್ನ ಅಡುಗೆಮನೆಯ ಬಿಳಿ ಟ್ಯೂಬ್‌ಲೈಟಿನ ಹತ್ತಿರ ಹತ್ತು ನಿಮಿಷ ಹಿಡಿಯಲು ಹೇಳಿದೆ. ನಾಲ್ಕರ ಹೊತ್ತಿಗೆ ಹೊಳಪು ತೀರಾ ಮಂದವಾಗಿರುತ್ತದೆ, ಆದರೆ ಅಷ್ಟು ಹೊತ್ತು ಕತ್ತಲಲ್ಲಿದ್ದ ಕಣ್ಣಿಗೆ ಅಷ್ಟು ಸಾಕು. ಎದ್ದ ಕೂಡಲೇ ಮೊಬೈಲ್ ನೋಡಿದರೆ ಮಾತ್ರ ಮುಳ್ಳು ಕಾಣುವುದಿಲ್ಲ.